ಕಾನ್ವೆಂಟ್ ಹೈಸ್ಕೂಲು ಹುಡುಗಿಯರಿಗೆ ಕೊಟ್ಟದ್ದು



ಮಗಳು ಏಳನೆಯ ತರಗತಿ ಮುಗಿಸಿದಳೆಂದರೆ ಮುಂದೆ ಯಾವ ಹೈಸ್ಕೂಲು ಎಂಬ ಚರ್ಚೆ ಮನೆಯಲ್ಲಿ ಏಳುತ್ತದೆ. ಮಂಗಳೂರು, ಉಡುಪಿ, ಮೈಸೂರು, ಬೆಂಗಳೂರಿನಂಥ ಊರುಗಳಲ್ಲಿ ಆಗ ಅತ್ತೆಯೋ ಚಿಕ್ಕಮ್ಮನೋ ಹೇಳುವ ಮಾತೊಂದಿದೆ: “ಸುಮ್ಮನೆ ಸಿಸ್ಟರುಗಳ ಶಾಲೆಗೆ ಹಾಕಿ, ಅಲ್ಲಿ ಶಿಸ್ತು ಇರುತ್ತದೆ.” ಹೇಳುವವರು ಹಿಂದೂಗಳಿರಬಹುದು, ಮುಸ್ಲಿಮರಿರಬಹುದು, ಜೈನರಿರಬಹುದು. ಕ್ಯಾಥೊಲಿಕ್ ಧರ್ಮದ ಗೊಡವೆ ಅವರಿಗಿಲ್ಲ. ಹೆಣ್ಣುಮಕ್ಕಳ ಆ ಹೈಸ್ಕೂಲು ಮಾತ್ರ ಬೇಕು. ಶಿಸ್ತೇನೋ ಇರುತ್ತದೆ, ಸರಿ. ಶಿಸ್ತು ಪೊಲೀಸ್ ಠಾಣೆಯಲ್ಲೂ ಇರುತ್ತದೆ. ಈ ಶಾಲೆಗಳು ಒಂದೂವರೆ ಶತಮಾನದಿಂದ ಹುಡುಗಿಯರಿಗೆ ಕೊಡುತ್ತ ಬಂದದ್ದು ಅದಕ್ಕಿಂತ ದೊಡ್ಡದು. ಅದೇನೆಂದು ತಿಳಿಯಬೇಕಾದರೆ ಮಂಗಳೂರಿನಿಂದಲೇ ಶುರುಮಾಡುವುದು ಒಳ್ಳೆಯದು.

1870ರ ನವೆಂಬರಿನಲ್ಲಿ ಫ್ರಾನ್ಸಿನಿಂದ ಹೊರಟ ಮೂವರು ಸನ್ಯಾಸಿನಿಯರು ಮಂಗಳೂರು ತಲುಪಿದರು. ಅವರು ಅಪೊಸ್ತೊಲಿಕ್ ಕಾರ್ಮೆಲ್ ಎಂಬ ಸಂಘದವರು. ಸಂಘಕ್ಕೆ ಆಗ ಎರಡೇ ವರ್ಷ ಪ್ರಾಯ. 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅದನ್ನು ಕಟ್ಟಿದವರು ಮದರ್ ವೆರೋನಿಕಾ. ಪೂರ್ವಾಶ್ರಮದ ಹೆಸರು ಸೋಫಿ ಲೀವ್ಸ್. ಹುಟ್ಟಿದ್ದು 1823ರಲ್ಲಿ, ಕಾನ್‌ಸ್ಟಾಂಟಿನೋಪಲ್ ನಗರದಲ್ಲಿ. ತಂದೆ ಆಂಗ್ಲಿಕನ್ ಪಾದ್ರಿ. ಪ್ರಾಟೆಸ್ಟಂಟ್ ಪಾದ್ರಿಯ ಮಗಳು ಕ್ಯಾಥೊಲಿಕ್ ಆಗುವುದೇ ಆ ಕಾಲಕ್ಕೆ ಮನೆಮಂದಿಯ ನಿದ್ದೆ ಕೆಡಿಸುವ ಸುದ್ದಿ. ಈಕೆ ಅಲ್ಲಿಗೂ ನಿಲ್ಲದೆ ಸನ್ಯಾಸ ಸ್ವೀಕರಿಸಿ, ಕಡಲು ದಾಟಿ ಕಲ್ಲಿಕೋಟೆಗೆ ಬಂದು ಶಾಲೆ ನಡೆಸಿದರು. ಪಶ್ಚಿಮ ಕರಾವಳಿಯ ಹೆಣ್ಣುಮಕ್ಕಳಿಗೆ ಕಲಿಸುವುದಕ್ಕೆಂದೇ ಒಂದು ಸಂಘ ಬೇಕು ಎಂಬ ಯೋಚನೆ ಗಟ್ಟಿಯಾದದ್ದು ಆ ಅನುಭವದಿಂದ. ಮಂಗಳೂರಿನ ಧರ್ಮಾಧ್ಯಕ್ಷರಾಗಿದ್ದ ಮರೀ ಎಫ್ರೆಮ್ ಅವರಿಗೂ ಅದೇ ಬೇಕಿತ್ತು. ಹೀಗೆ ಸೇಂಟ್ ಆನ್ಸ್ ಕಾನ್ವೆಂಟ್ ಶುರುವಾಯಿತು.

ಅಂದಿನ ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯದ ಒಂದು ಜಿಲ್ಲೆ. ಇಲ್ಲಿಯ ಬಂಟರು, ಬಿಲ್ಲವರು ಮೊದಲಾದವರಲ್ಲಿ ಅಳಿಯಸಂತಾನ ಕಟ್ಟು ನಡೆಯುತ್ತಿತ್ತು; ವಂಶ ಹೆಣ್ಣಿನ ಮೂಲಕ, ಆಸ್ತಿಯ ಹಕ್ಕೂ ಅದೇ ದಾರಿಯಲ್ಲಿ. ವಂಶವನ್ನು ಹೆಣ್ಣಿನ ಹೆಸರಿನಲ್ಲಿ ಎಣಿಸುತ್ತಿದ್ದ ಸಮಾಜವೂ ಹೆಣ್ಣನ್ನು ಶಾಲೆಗೆ ಕಳಿಸುವ ಮಾತು ಬಂದಾಗ ಹಿಂದೆ ಸರಿಯಿತು ಎನ್ನುವುದು ಯೋಚಿಸಬೇಕಾದ ಸಂಗತಿ. 1834ರಲ್ಲೇ ಮಂಗಳೂರಿಗೆ ಬಂದಿದ್ದ ಬಾಸೆಲ್ ಮಿಷನ್ನಿನವರು ಹೆಣ್ಣುಮಕ್ಕಳಿಗೆ ಅಕ್ಷರ ಕಲಿಸುವ ಕೆಲಸ ಆರಂಭಿಸಿದ್ದರು. ಆ ಹಿರಿಮೆಯನ್ನು ಅವರಿಂದ ಕಿತ್ತುಕೊಳ್ಳಬೇಕಾಗಿಲ್ಲ. ಮುಂದೆ ಅಮ್ಮೆಂಬಳ ಸುಬ್ಬರಾವ್ ಪೈಗಳು 1894ರಲ್ಲಿ ಕೆನರಾ ಹೆಣ್ಣುಮಕ್ಕಳ ಶಾಲೆ ತೆರೆದರು, 1918ರಲ್ಲಿ ಬೆಸೆಂಟ್ ಶಾಲೆ ಬಂತು. ಘಟ್ಟದ ಮೇಲೆ ಮೈಸೂರಿನಲ್ಲಿ 1881ರಷ್ಟು ಹಿಂದೆಯೇ ಮಹಾರಾಣಿಯವರ ಹೆಸರಿನ ಶಾಲೆ ನಿಂತಿತ್ತು. ಬೆಂಗಳೂರಿಗೆ ಗುಡ್ ಶೆಫರ್ಡ್ ಸಿಸ್ಟರುಗಳು ಬಂದದ್ದು ಇನ್ನೂ ಮೊದಲು, 1854ರಲ್ಲಿ. ಒಂದು ಶಾಲೆಗೆ ಪೈಪೋಟಿಯಾಗಿ ಇನ್ನೊಂದು ಹುಟ್ಟಿದ್ದರಿಂದ ಹುಡುಗಿಯರಿಗೆ ಲಾಭವೇ ಆಯಿತು.

ಹಾಗಾದರೆ ಕಾನ್ವೆಂಟಿನ ವಿಶೇಷ ಎಲ್ಲಿತ್ತು? ಪಠ್ಯದಲ್ಲಂತೂ ಇರಲಿಲ್ಲ. ಪಠ್ಯ ಸರಕಾರದ್ದು, ಪರೀಕ್ಷೆ ಸರಕಾರದ್ದು. ವಿಶೇಷವಿದ್ದದ್ದು ಶಾಲೆಯನ್ನು ನಡೆಸುವವರಲ್ಲಿ. ಗೇಟು ದಾಟಿ ಒಳಗೆ ಬಂದ ಹತ್ತು ಹನ್ನೆರಡರ ಹುಡುಗಿ ಅಲ್ಲಿ ಕಂಡದ್ದು ಹೆಂಗಸರೇ ಆಳುವ ಒಂದು ಸಂಸ್ಥೆಯನ್ನು. ಹೆಡ್‌ಮಿಸ್ಟ್ರೆಸ್ ಹೆಂಗಸು. ಲೆಕ್ಕದ ಪುಸ್ತಕ ಇಡುವವರು ಹೆಂಗಸು. ಹೊಸ ಕಟ್ಟಡ ಏಳುವಾಗ ಬಿಸಿಲಿನಲ್ಲಿ ನಿಂತು, ಗೋಡೆ ಓರೆಯಾಗಿದೆ, ಒಡೆದು ಕಟ್ಟಿ ಎಂದು ಮೇಸ್ತ್ರಿಗೆ ಹೇಳುವವರೂ ಹೆಂಗಸೇ. 1854ರ ವುಡ್ಸ್ ಡಿಸ್ಪ್ಯಾಚ್ ಎಂಬ ಶಿಕ್ಷಣ ನೀತಿಪತ್ರದ ನಂತರ ಖಾಸಗಿ ಶಾಲೆಗಳಿಗೂ ಸರಕಾರದ ಗ್ರಾಂಟ್ ಸಿಗುವ ಪದ್ಧತಿ ಬಂದಿತ್ತು. ಇನ್‌ಸ್ಪೆಕ್ಟರ್ ಸಾಹೇಬರು ತಪಾಸಣೆಗೆ ಬಂದಾಗ ಎದುರು ಕುರ್ಚಿಯಲ್ಲಿ ಕೂತು ಆ ಗ್ರಾಂಟಿಗಾಗಿ ವಾದಿಸುವವರೂ ಹೆಂಗಸೇ. ಗಂಡನ ಹೆಸರಿನ ಆಸರೆಯಿಲ್ಲದೆ, ಮಗನ ಅಪ್ಪಣೆಗೆ ಕಾಯದೆ ಹಣ, ಜಮೀನು, ಜನ ಎಲ್ಲವನ್ನೂ ನಿಭಾಯಿಸುವ ಹೆಂಗಸನ್ನು ದಿನವೂ ಹತ್ತಿರದಿಂದ ನೋಡುವ ಅವಕಾಶ ಆ ಕಾಲದ ಹುಡುಗಿಗೆ ಬೇರೆಲ್ಲಿ ಸಿಗಬೇಕು? ಯಾವ ಪಾಠವೂ ಹೇಳಿಕೊಡಲಾರದ್ದನ್ನು ಈ ನೋಟ ಕಲಿಸಿತು.

ಆ ಹುಡುಗಿಯರೆಲ್ಲ ಸನ್ಯಾಸಿನಿಯರಾಗಲು ಹೊರಟವರಲ್ಲ. ಹೆಚ್ಚಿನವರು ಮದುವೆಯಾದರು, ಮಕ್ಕಳನ್ನು ಹೆತ್ತರು. ಆದರೆ ಹೈಸ್ಕೂಲು ಮುಗಿಸಿದವಳಿಗೆ ಮುಂದೇನು ಎಂಬ ಪ್ರಶ್ನೆ ಎದ್ದೇ ಎದ್ದಿತು. 1921ರಲ್ಲಿ ಮಂಗಳೂರಿನಲ್ಲಿ ಸೇಂಟ್ ಆಗ್ನೆಸ್ ಮಹಿಳಾ ಕಾಲೇಜು ತೆರೆದದ್ದು ಆ ಪ್ರಶ್ನೆಗೆ ಉತ್ತರವಾಗಿ. ಶಿಕ್ಷಕಿಯರ ತರಬೇತಿ ಸಂಸ್ಥೆಯೂ ಸೇಂಟ್ ಆನ್ಸ್ ಹೆಸರಿನಲ್ಲೇ ಬಂತು. ಅಲ್ಲಿ ತಯಾರಾದವರು ಸುತ್ತಲಿನ ಊರುಗಳ ಶಾಲೆಗಳಿಗೆ ಟೀಚರಾಗಿ ಹೋದರು. ಊರಿಗೊಬ್ಬಳು ಟೀಚರ್ ಬಂದಳೆಂದರೆ, ಮಗಳನ್ನು ಶಾಲೆಗೆ ಕಳಿಸಲು ಹಿಂಜರಿಯುತ್ತಿದ್ದ ತಾಯಂದಿರ ಧೈರ್ಯವೇ ಬೇರೆ. ಅದೇ 1921ರಲ್ಲಿ ಮಾನ್ಸಿಞೊರ್ ಆರ್.ಎಫ್.ಸಿ. ಮಸ್ಕರೇನ್ಹಸ್ ಮಂಗಳೂರಿನಲ್ಲಿ ಬೆಥನಿ ಸಂಘವನ್ನು ಸ್ಥಾಪಿಸಿದರು. ಅದು ಊರಿನ ಹೆಣ್ಣುಮಕ್ಕಳಿಂದಲೇ ಕಟ್ಟಿದ ಸಂಘ. ಹಳ್ಳಿಗಾಡಿನ ಕನ್ನಡ ಶಾಲೆಗಳ ಕಡೆಗೆ ಅದರ ಒಲವು ಹೆಚ್ಚು. ಇತ್ತ ಅಪೊಸ್ತೊಲಿಕ್ ಕಾರ್ಮೆಲಿನವರು ಮಂಗಳೂರಿನಿಂದ ಹೊರಟು ದೂರದ ಪಾಟ್ನಾದಲ್ಲಿ 1940ರಲ್ಲಿ ಮಹಿಳಾ ಕಾಲೇಜು ಆರಂಭಿಸಿದರು. ಫ್ರಾನ್ಸಿನಿಂದ ಆಮದಾದದ್ದು ಎಪ್ಪತ್ತೇ ವರ್ಷಗಳಲ್ಲಿ ಕರಾವಳಿಯಿಂದ ಬಿಹಾರಕ್ಕೆ ರಫ್ತಾಯಿತು.

ಹೀಗೆ ಸಂಸ್ಥೆಗಳನ್ನು ತಾವೇ ನಡೆಸುವ ಸ್ವಾತಂತ್ರ್ಯ ಸನ್ಯಾಸಿನಿಯರಿಗೆ ಚರ್ಚಿನಿಂದ ಸುಲಭವಾಗಿ ಸಿಕ್ಕಿತು ಎಂದು ಯಾರೂ ಭಾವಿಸಬೇಕಾಗಿಲ್ಲ. ಹದಿನೇಳನೆಯ ಶತಮಾನದ ಆರಂಭದಲ್ಲಿ ಮೇರಿ ವಾರ್ಡ್ ಎಂಬ ಇಂಗ್ಲಿಷ್ ಹೆಂಗಸು, ಮಠದ ಗೋಡೆಯೊಳಗೆ ಕೂರದೆ ಹೊರಗೆ ಬಂದು ಹೆಣ್ಣುಮಕ್ಕಳಿಗೆ ಕಲಿಸುವ ಸಂಘವೊಂದನ್ನು ಕಟ್ಟಿದರು. ಅದೂ ಜೆಸ್ವಿಟ್ ಪಾದ್ರಿಗಳ ಮಾದರಿಯಲ್ಲಿ, ಬಿಷಪರ ಅಂಕೆಯ ಹೊರಗೆ. ಅನುಮತಿ ಕೇಳಲು ಆಲ್ಪ್ಸ್ ಪರ್ವತ ದಾಟಿ ರೋಮಿಗೆ ನಡೆದು ಹೋದರು. 1631ರಲ್ಲಿ ಪೋಪ್ ಎಂಟನೆಯ ಅರ್ಬನ್ ಆ ಸಂಘವನ್ನೇ ರದ್ದುಪಡಿಸಿದರು. ಮೇರಿ ವಾರ್ಡ್ ಅವರನ್ನು ಮ್ಯೂನಿಕ್ ನಗರದ ಒಂದು ಮಠದಲ್ಲಿ ಸೆರೆಯಿಟ್ಟರು. ಹೆಣ್ಣುಮಕ್ಕಳಿಗೆ ಶಾಲೆ ನಡೆಸಹೊರಟ ಭಕ್ತೆಗೆ ಸಿಕ್ಕ ಬಹುಮಾನ ಅದು! ಆದರೂ ಆ ಪರಂಪರೆ ಸಾಯಲಿಲ್ಲ. ಅದರಿಂದಲೇ ಬಂದ ಐರ್ಲೆಂಡಿನ ಲೊರೆಟೊ ಸಿಸ್ಟರುಗಳು 1840ರ ದಶಕದ ಆರಂಭದಲ್ಲಿ ಕಲ್ಕತ್ತೆಯಲ್ಲಿ ಶಾಲೆ ತೆರೆದರು. ಮುಂದೆ ಮದರ್ ತೆರೇಸಾ ಎಂದು ಜಗತ್ತೇ ಅರಿತ ಸಿಸ್ಟರ್, ಬೀದಿಗಿಳಿಯುವ ಮೊದಲು, ಆ ಸಂಘದ ಎಂಟಾಲಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ವರ್ಷಾನುಗಟ್ಟಲೆ ಭೂಗೋಳ ಕಲಿಸಿದವರು, 1944ರಲ್ಲಿ ಅದರ ಮುಖ್ಯಸ್ಥೆಯಾದವರು.

ಇನ್ನು ಇಂದಿನ ಮಾತಿಗೆ ಬರೋಣ. ಹುಡುಗ ಹುಡುಗಿಯರಿಬ್ಬರೂ ಇರುವ ಒಂದು ಸಾಮಾನ್ಯ ಹೈಸ್ಕೂಲಿನಲ್ಲಿ ವಾರ್ಷಿಕೋತ್ಸವದ ಹಿಂದಿನ ದಿನ ಏನು ನಡೆಯುತ್ತದೆಂದು ನೆನಪಿಸಿಕೊಳ್ಳಿ. ಬೆಂಚು ಎತ್ತಬೇಕು ಎಂದಾಗ ಮೇಷ್ಟ್ರು ಕೂಗುವುದು, “ನಾಲ್ಕು ಜನ ಹುಡುಗರು ಬನ್ರೋ.” ಮೈಕಿನ ವಯರು ಎಳೆಯುವವನು ಹುಡುಗ, ಸ್ಟೂಲು ಹತ್ತಿ ಬ್ಯಾನರು ಕಟ್ಟುವವನು ಹುಡುಗ. ಹುಡುಗಿಯರ ಪಾಲಿಗೆ ರಂಗೋಲಿ, ಆರತಿ ತಟ್ಟೆ, ಸ್ವಾಗತಗೀತೆ. ಯಾರೂ ದುರುದ್ದೇಶದಿಂದ ಹೀಗೆ ಹಂಚುವುದಿಲ್ಲ, ಅಭ್ಯಾಸಬಲದಿಂದ ಹಂಚಿಹೋಗುತ್ತದೆ. ಹೆಣ್ಣುಮಕ್ಕಳೇ ಇರುವ ಹೈಸ್ಕೂಲಿನಲ್ಲಿ ಈ ಹಂಚಿಕೆಗೆ ಆಸ್ಪದವೇ ಇಲ್ಲ. ರಂಗೋಲಿಯನ್ನೂ ಅವಳೇ ಬಿಡಬೇಕು, ಬೆಂಚನ್ನೂ ಅವಳೇ ಹೊರಬೇಕು. ಎರಡು ಜಡೆಗೆ ಬಿಗಿಯಾಗಿ ರಿಬ್ಬನ್ ಕಟ್ಟಿದ ಒಂಬತ್ತನೆಯ ತರಗತಿಯವಳೊಬ್ಬಳು ಲ್ಯಾಬಿನಲ್ಲಿ ಬ್ಯಾಟರಿಗೆ ತಂತಿ ಜೋಡಿಸಿ, ಬಲ್ಬು ಹತ್ತದಿದ್ದಾಗ ಅಕ್ಕಪಕ್ಕ ನೋಡುತ್ತಾಳೆ. “ಕೊಡು, ನಾನು ಮಾಡ್ತೇನೆ” ಎಂದು ಕೈಯಿಂದ ಕಿತ್ತುಕೊಳ್ಳಲು ಅಲ್ಲಿ ಹುಡುಗನಿಲ್ಲ. ತಂತಿ ಬಿಚ್ಚಿ, ತುದಿ ಉಜ್ಜಿ, ಮತ್ತೆ ಅವಳೇ ಜೋಡಿಸಬೇಕು. ಸ್ವಾತಂತ್ರ್ಯ ದಿನದ ಪಥಸಂಚಲನದಲ್ಲಿ ಬ್ಯಾಂಡಿನ ದೊಡ್ಡ ಡ್ರಮ್ಮನ್ನು ಎದೆಗೆ ಕಟ್ಟಿಕೊಂಡು ಬಾರಿಸುವವಳೂ, ಶಾಲಾ ಸಂಸತ್ತಿನಲ್ಲಿ ಪ್ರಧಾನಿಯಾಗುವವಳೂ, ಸೋತು ವಿರೋಧಪಕ್ಷದ ನಾಯಕಿಯಾಗಿ ಕಿರುಚಾಡುವವಳೂ ಹುಡುಗಿಯೇ. ಥ್ರೋಬಾಲ್ ಆಡುತ್ತ ಬೆವರಿ ಬಿದ್ದು ಮಂಡಿ ತರಚಿಕೊಂಡರೆ, ನೋಡುವವರು ಏನಂದುಕೊಂಡಾರು ಎಂಬ ಅಳುಕು ಅವಳಿಗಿಲ್ಲ. ಹದಿಮೂರರಿಂದ ಹದಿನಾರರ ವಯಸ್ಸಿನಲ್ಲಿ ಆ ಅಳುಕು ಎಷ್ಟು ಆಟ ಬಿಡಿಸುತ್ತದೆ, ಎಷ್ಟು ಪ್ರಶ್ನೆಗಳನ್ನು ಗಂಟಲಲ್ಲೇ ನುಂಗಿಸುತ್ತದೆ ಎನ್ನುವುದನ್ನು ಹೆಂಗಸರಿಗೆ ವಿವರಿಸಿ ಹೇಳಬೇಕಾಗಿಲ್ಲ.

ಉದಾಹರಣೆಗೆ, ಚೆನ್ನೈನ ತ್ಯಾಗರಾಯನಗರದಲ್ಲಿ ಹೋಲಿ ಏಂಜಲ್ಸ್ ಕಾನ್ವೆಂಟ್ ಇದೆ. 1960ರ ದಶಕದಲ್ಲಿ ಅಲ್ಲಿ ಓದುತ್ತಿದ್ದ ಸಂಪ್ರದಾಯಸ್ಥ ಮನೆಯ ಹುಡುಗಿಯೊಬ್ಬಳು ಗಿಟಾರ್ ಕಲಿತು, ಗೆಳತಿಯರ ಜೊತೆ ಸೇರಿ ಶಾಲೆಯಲ್ಲೇ ಒಂದು ಬ್ಯಾಂಡ್ ಕಟ್ಟಿದಳು. ಗಣಿತದ ಲಾಗರಿದಮ್ಮನ್ನು ತಿರುಚಿ ‘ಲಾಗ್‌ರಿದಮ್ಸ್’ ಎಂದು ಹೆಸರಿಟ್ಟರು. ಮನೆಯಲ್ಲಿ ತಾಯಿಗೆ ಇದು ಹಿಡಿಸಲಿಲ್ಲ. ಶಾಲೆಯ ವೇದಿಕೆ ಮಾತ್ರ ತೆರೆದಿತ್ತು. ಆ ಹುಡುಗಿ ಇಂದ್ರಾ ನೂಯಿ, 2006ರಿಂದ 2018ರವರೆಗೆ ಪೆಪ್ಸಿಕೋ ಕಂಪನಿಯನ್ನು ಮುನ್ನಡೆಸಿದವರು. ನಮ್ಮ ಮೇಲುಕೋಟೆಯಲ್ಲಿ ಹುಟ್ಟಿದ ಜಯಲಲಿತಾ ಓದಿದ್ದೂ ಅದೇ ಚೆನ್ನೈನ ಚರ್ಚ್ ಪಾರ್ಕ್ ಕಾನ್ವೆಂಟಿನಲ್ಲಿ.

ಅಮೆರಿಕದ ಕಥೆ ಇನ್ನೂ ಹಳೆಯದು. ನ್ಯೂ ಆರ್ಲಿಯನ್ಸ್ ನಗರದ ಅರ್ಸುಲೈನ್ ಅಕಾಡೆಮಿ 1727ರಲ್ಲೇ ಆರಂಭವಾದದ್ದು. ಆಗ ಅಮೆರಿಕ ಸಂಯುಕ್ತ ಸಂಸ್ಥಾನ ಎಂಬ ದೇಶವೇ ಹುಟ್ಟಿರಲಿಲ್ಲ. ಅದೇ ಅರ್ಸುಲೈನ್ ಪರಂಪರೆಯ ಡಲ್ಲಾಸ್ ಶಾಲೆಯಲ್ಲಿ ಮೆಲಿಂಡಾ ಫ್ರೆಂಚ್ ಗೇಟ್ಸ್ ಓದಿದರು. ಅಲ್ಲಿಯ ಗಣಿತದ ಅಧ್ಯಾಪಕಿಯೊಬ್ಬರು ಸಮ್ಮೇಳನವೊಂದರಲ್ಲಿ ಆಪಲ್ ಕಂಪ್ಯೂಟರುಗಳನ್ನು ಕಂಡು ಬಂದು, ನಮ್ಮ ಹುಡುಗಿಯರಿಗೂ ಇವು ಬೇಕೇ ಬೇಕು ಎಂದು ಮುಖ್ಯಸ್ಥೆಯಾಗಿದ್ದ ಸಿಸ್ಟರನ್ನು ಒಪ್ಪಿಸಿದರು. ಕಂಪ್ಯೂಟರು ಬಂತು, ಅದರ ಮುಂದೆ ಕೂತು ಪ್ರೋಗ್ರಾಮ್ ಬರೆಯಲು ಕಲಿತ ಮೆಲಿಂಡಾ 1982ರಲ್ಲಿ ತಮ್ಮ ತರಗತಿಗೆ ಮೊದಲಿಗರಾಗಿ ಶಾಲೆ ಮುಗಿಸಿ, ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ವಿಜ್ಞಾನ ಓದಿ, 1987ರಲ್ಲಿ ಮೈಕ್ರೋಸಾಫ್ಟ್ ಸೇರಿದರು. ಬಾಲ್ಟಿಮೋರಿನ ಇನ್‌ಸ್ಟಿಟ್ಯೂಟ್ ಆಫ್ ನೊತ್ರ್ ದಾಮ್ ಎಂಬ ಒಂದೇ ಹೆಣ್ಣುಮಕ್ಕಳ ಹೈಸ್ಕೂಲಿನಿಂದ ಇಬ್ಬರು ಅಮೆರಿಕದ ರಾಜಕೀಯಕ್ಕೆ ಬಂದರು: ಒಬ್ಬರು 2007ರಲ್ಲಿ ಪ್ರತಿನಿಧಿ ಸಭೆಯ ಮೊದಲ ಮಹಿಳಾ ಸ್ಪೀಕರ್ ಆದ ನ್ಯಾನ್ಸಿ ಪೆಲೋಸಿ, ಇನ್ನೊಬ್ಬರು ಮೂವತ್ತು ವರ್ಷ ಸೆನೆಟ್ ಸದಸ್ಯರಾಗಿದ್ದ ಬಾರ್ಬರಾ ಮಿಕುಲ್ಸ್ಕಿ. 1847ರಲ್ಲಿ ತೆರೆದ ಆ ಶಾಲೆ 2020ರಲ್ಲಿ ಬಾಗಿಲು ಮುಚ್ಚಿತು.

ಹೀಗೆ ಹೆಸರುಗಳ ಪಟ್ಟಿ ಕೊಡುವುದು ಸುಲಭ. ಯಾವ ಶಾಲೆಯೂ ನಾಲ್ಕು ಹೆಸರು ತೋರಿಸಬಲ್ಲದು. ಸಂಶೋಧಕರು ಏನು ಹೇಳುತ್ತಾರೆ? 1986ರಲ್ಲಿ ವ್ಯಾಲರಿ ಲೀ ಮತ್ತು ಆಂಟನಿ ಬ್ರೈಕ್ ಅಮೆರಿಕದ 75 ಕ್ಯಾಥೊಲಿಕ್ ಹೈಸ್ಕೂಲುಗಳನ್ನು ಹೋಲಿಸಿ ನೋಡಿದರು. ಹೆಣ್ಣುಮಕ್ಕಳೇ ಇರುವ ಶಾಲೆಗಳಲ್ಲಿ ಕಲಿಕೆಯೂ ಮುಂದಿನ ಓದಿನ ಹಂಬಲವೂ ಹೆಚ್ಚಾಗಿ ಕಂಡವು. ಕಾನ್ವೆಂಟ್ ಪರ ವಾದಿಸುವವರಿಗೆ ಇದು ಹಬ್ಬವಾಯಿತು. ಆದರೆ 2014ರಲ್ಲಿ ಎರಿನ್ ಪಾಲ್ಕೆ, ಜಾನೆಟ್ ಹೈಡ್ ಮತ್ತು ಸಂಗಡಿಗರು 21 ದೇಶಗಳ 184 ಅಧ್ಯಯನಗಳನ್ನು, ಅಂದರೆ ಸುಮಾರು 16 ಲಕ್ಷ ವಿದ್ಯಾರ್ಥಿಗಳ ಮಾಹಿತಿಯನ್ನು, ಒಟ್ಟಿಗೆ ತೂಗಿ ನೋಡಿದಾಗ ಬಂದ ಫಲಿತಾಂಶವೇ ಬೇರೆ. ಮನೆಯ ಅನುಕೂಲ, ಮೊದಲಿನ ಅಂಕ ಇವನ್ನೆಲ್ಲ ಲೆಕ್ಕಕ್ಕೆ ಹಿಡಿದ ಒಳ್ಳೆಯ ಅಧ್ಯಯನಗಳಲ್ಲಿ ಹುಡುಗಿಯರ ಶಾಲೆಗೂ ಸಹಶಿಕ್ಷಣ ಶಾಲೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಅನುಕೂಲಸ್ಥರು, ಓದಿಗೆ ಬೆಲೆ ಕೊಡುವವರು ಮಕ್ಕಳನ್ನು ಕಾನ್ವೆಂಟಿಗೆ ಕಳಿಸಿದರೆ ಅಲ್ಲಿಯ ಫಲಿತಾಂಶ ಚೆನ್ನಾಗಿರುವುದರಲ್ಲಿ ಆಶ್ಚರ್ಯವೇನು?

ಆದರೂ ಒಂದು ಅಂಕಿಯನ್ನು ಮರೆಯುವಂತಿಲ್ಲ. ಬ್ರಿಟನ್ನಿನ ಇನ್‌ಸ್ಟಿಟ್ಯೂಟ್ ಆಫ್ ಫಿಸಿಕ್ಸ್ 2012ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಇಂಗ್ಲೆಂಡಿನ ಸಹಶಿಕ್ಷಣದ ಸರಕಾರಿ ಶಾಲೆಗಳಲ್ಲಿ ಸುಮಾರು ಅರ್ಧದಷ್ಟು ಶಾಲೆಗಳಿಂದ ಆ ಹಿಂದಿನ ವರ್ಷ ಒಬ್ಬಳೇ ಒಬ್ಬ ಹುಡುಗಿಯೂ ನಮ್ಮ ಪಿಯುಸಿಯಂಥ ಎ-ಲೆವೆಲ್ಲಿಗೆ ಭೌತಶಾಸ್ತ್ರ ತೆಗೆದುಕೊಂಡಿರಲಿಲ್ಲ. ಹೆಣ್ಣುಮಕ್ಕಳ ಶಾಲೆಯಿಂದ ಬಂದವರು ಆ ವಿಷಯ ಆರಿಸಿಕೊಳ್ಳುವ ಸಂಭವ ಹೆಚ್ಚುಕಡಿಮೆ ಎರಡೂವರೆ ಪಟ್ಟು. ಅಂಕಗಳಲ್ಲಿ ವ್ಯತ್ಯಾಸ ಕಾಣದಿರಬಹುದು. ಏನನ್ನು ಓದುವ ಧೈರ್ಯ ಮಾಡುತ್ತಾರೆ ಎನ್ನುವುದರಲ್ಲಿ ಕಾಣುತ್ತದೆ. ಗೋಡೆ ಕಟ್ಟಿ ಹುಡುಗರನ್ನು ಹೊರಗಿಟ್ಟ ಮಾತ್ರಕ್ಕೆ ಏನೂ ಆಗದು. ಲ್ಯಾಬಿನಲ್ಲಿ, ಮೈದಾನದಲ್ಲಿ, ಆಫೀಸಿನಲ್ಲಿ ಎಲ್ಲ ಕೆಲಸವೂ ಹೆಣ್ಣಿನದೇ ಎಂದಾಗ ಆಗುತ್ತದೆ. ಹೆಣ್ಣುಮಕ್ಕಳ ಶಾಲೆ ಎಂದು ಬೋರ್ಡು ಹಾಕಿ, ಒಳಗೆ ಹುಡುಗಿಯರನ್ನು ಬಾಯಿ ಮುಚ್ಚಿಸಿ ಕೂರಿಸಿದರೆ ಅದಕ್ಕಿಂತ ಪಕ್ಕದ ಸರಕಾರಿ ಶಾಲೆಯೇ ಮೇಲು.

ಬಾಯಿ ಮುಚ್ಚಿಸುವ ಕಾನ್ವೆಂಟುಗಳು ಇಲ್ಲದಿಲ್ಲ. ಶಾಲೆಯ ಆವರಣದಲ್ಲಿ ಕನ್ನಡವೋ ತುಳುವೋ ಕೊಂಕಣಿಯೋ ಬಾಯಿಗೆ ಬಂದರೆ ದಂಡ ಹಾಕುವ ಕೆಟ್ಟ ಪದ್ಧತಿ ಎಷ್ಟೋ ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ನಡೆದು ಬಂದಿದೆ, ಕಾನ್ವೆಂಟುಗಳೂ ಅದರಿಂದ ಹೊರತಲ್ಲ. ತಾಯಿಯೊಡನೆ ಆಡುವ ಮಾತಿಗೆ ದಂಡ ತೆತ್ತ ಹುಡುಗಿ ಆ ಮಾತನ್ನೇ ಕೀಳೆಂದು ತಿಳಿಯುತ್ತಾಳೆ. ಸ್ಕರ್ಟಿನ ಉದ್ದ ಅಳೆಯುವುದರಲ್ಲೇ ಅಸೆಂಬ್ಲಿ ಮುಗಿಯುವ ಶಾಲೆಗಳೂ ಇವೆ. ಹಳೆಯ ಕಾಲದಲ್ಲಿ ಕಸೂತಿ, ಲೇಸು, ಪಿಯಾನೋ ಕಲಿಸಿ ಹುಡುಗಿಯನ್ನು ಒಳ್ಳೆಯ ಸಂಬಂಧಕ್ಕೆ ತಯಾರು ಮಾಡುವುದೇ ಗುರಿಯೆಂದು ತಿಳಿದವರೂ ಇದ್ದರು. ಹತ್ತು ವರ್ಷ ಹುಡುಗಿಯರ ನಡುವೆಯೇ ಬೆಳೆದು ಪಿಯುಸಿಗೆ ಸಹಶಿಕ್ಷಣ ಕಾಲೇಜು ಸೇರಿದವಳು ಮೊದಲ ಆರು ತಿಂಗಳು ತಬ್ಬಿಬ್ಬಾಗುವುದೂ ಉಂಟು. ಹೆಚ್ಚಿನವರು ಆಮೇಲೆ ಸುಧಾರಿಸಿಕೊಳ್ಳುತ್ತಾರೆ, ಅದು ಬೇರೆ ಮಾತು.

ಧರ್ಮದ ಪ್ರಶ್ನೆಯನ್ನೂ ಬಿಡುವಂತಿಲ್ಲ. ಮಗಳನ್ನು ಅಲ್ಲಿಗೆ ಹಾಕಿದರೆ ಮತಾಂತರ ಮಾಡಿಯಾರು ಎಂಬ ಅನುಮಾನ ಕೆಲವರಿಗೆ. ಕಾನೂನು ಸ್ಪಷ್ಟವಾಗಿದೆ. ಸಂವಿಧಾನದ 30ನೆಯ ವಿಧಿ ಅಲ್ಪಸಂಖ್ಯಾತರಿಗೆ ಶಾಲೆ ನಡೆಸುವ ಹಕ್ಕು ಕೊಡುತ್ತದೆ; 28ನೆಯ ವಿಧಿ, ಸರಕಾರದ ಮಾನ್ಯತೆ ಅಥವಾ ಅನುದಾನ ಪಡೆದ ಶಾಲೆಯಲ್ಲಿ ಯಾರನ್ನೂ ಅವರ, ಅಥವಾ ಅಪ್ರಾಪ್ತರಾದರೆ ಪೋಷಕರ, ಒಪ್ಪಿಗೆಯಿಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸಕೂಡದು ಎನ್ನುತ್ತದೆ. ಹಾಗಾಗಿ ಕ್ಯಾಥೊಲಿಕ್ ಹುಡುಗಿಯರು ಕ್ಯಾಟೆಕಿಸಮ್ ಎಂಬ ಧರ್ಮಪಾಠಕ್ಕೆ ಹೋದಾಗ ಉಳಿದವರು ಮಾರಲ್ ಸೈನ್ಸ್ ತರಗತಿಯಲ್ಲಿ ಕೂರುವುದು ಬಹಳ ಕಡೆ ರೂಢಿ. ಹಿರಿಯ ಹೆಂಗಸರನ್ನು ಕೇಳಿ ನೋಡಿ: ಮಾರಲ್ ಸೈನ್ಸಿನ ಪಾಠ ಮರೆತಿರುತ್ತಾರೆ, ಪಾಠ ಮಾಡಿದ ಸಿಸ್ಟರಿನ ಹೆಸರನ್ನು ಮಾತ್ರ ಮರೆತಿರುವುದಿಲ್ಲ.

ಈಗ ಕಾಲ ಬದಲಾಗಿದೆ. ಸನ್ಯಾಸಿನಿಯರಾಗಲು ಕಾನ್ವೆಂಟು ಸೇರುವ ತರುಣಿಯರು ಕಡಿಮೆಯಾಗಿದ್ದಾರೆ, ಹಲವು ಶಾಲೆಗಳಲ್ಲಿ ಪಾಠ ಮಾಡುವವರು ಬಹುತೇಕ ಗೃಹಸ್ಥ ಶಿಕ್ಷಕಿಯರೇ. ಇದರಿಂದ ನಷ್ಟವೇನಿಲ್ಲ, ಮಗುವನ್ನು ಮನೆಯಲ್ಲಿ ಬಿಟ್ಟು ಬಂದು ಬೀಜಗಣಿತ ಕಲಿಸುವ ಶಿಕ್ಷಕಿಯೂ ಹುಡುಗಿಗೆ ಒಂದು ಮಾದರಿಯೇ. ಕಷ್ಟ ಇರುವುದು ಕರಾವಳಿಯ ಹಳೆಯ ಅನುದಾನಿತ ಕನ್ನಡ ಮಾಧ್ಯಮದ ಹೆಣ್ಣುಮಕ್ಕಳ ಶಾಲೆಗಳಿಗೆ. ಕೂಲಿಕಾರರ, ಬೀಡಿ ಕಟ್ಟುವವರ ಮಕ್ಕಳಿಗೆ ಹೆಚ್ಚು ಖರ್ಚಿಲ್ಲದೆ ಈ ಎಲ್ಲ ಲಾಭವನ್ನೂ ಕೊಟ್ಟವು ಅವೇ. ಇಂಗ್ಲಿಷ್ ಮಾಧ್ಯಮದ ಸೆಳೆತಕ್ಕೆ ಮೊದಲು ಸೊರಗುತ್ತಿರುವವೂ ಅವೇ. ಅಂಥದೊಂದು ಶಾಲೆ ಉಳಿಯಬೇಕೆಂದು ಹುಡುಗರನ್ನೂ ಸೇರಿಸಿಕೊಂಡರೆ ತಪ್ಪು ಹೇಳಲಾಗದು. ಆದರೆ ಬೆಂಚು ಹೊರುವ ಕೆಲಸ ಮತ್ತೆ ಹುಡುಗರ ಪಾಲಾಗದಂತೆ ನೋಡಿಕೊಳ್ಳುವುದು ಹೆಡ್‌ಮಿಸ್ಟ್ರೆಸ್ಸರ ಹೊಣೆ.

ಈ ಸಲ ಮಗಳ ಅಡ್ಮಿಷನ್ನಿಗೆ ಹೊರಟ ತಂದೆತಾಯಿಗಳು ಶಾಲೆಯ ಫಲಿತಾಂಶದ ಬೋರ್ಡು ನೋಡಿ ಹಿಂದಿರುಗಬೇಡಿ. ಲ್ಯಾಬಿನ ಬಾಗಿಲು ತೆರೆಸಿ, ಉಪಕರಣಗಳ ಮೇಲೆ ಧೂಳು ಕೂತಿದೆಯೇ ನೋಡಿ. ಸಂಜೆ ನಾಲ್ಕರ ಮೇಲೆ ಮೈದಾನದಲ್ಲಿ ಹುಡುಗಿಯರು ಆಡುತ್ತಾರೆಯೇ ಕೇಳಿ. ಶೌಚಾಲಯದಲ್ಲಿ ನೀರು ಬರುತ್ತದೆಯೇ ಪರೀಕ್ಷಿಸಿ. ಕನ್ನಡ ಮಾತಾಡಿದರೆ ದಂಡ ಉಂಟೇ ಎಂದೂ ಮುಖಾಮುಖಿ ಕೇಳಿ. ಉಂಟು ಎಂದರೆ, ಆ ಶಾಲೆ ಎಷ್ಟೇ ಹೆಸರುವಾಸಿಯಾಗಿರಲಿ, ಅರ್ಜಿಯನ್ನು ವಾಪಸು ತನ್ನಿ.